ಕೌದಿಯೊಳಗಿನ ಕೋಟು

ನಮ್ಮ ಗಡಹಿಂಗ್ಲಜದ ಮನೆಯಲ್ಲಿ ಚಳಿಗಾಲವು ಪಂಚಾಂಗದಿಂದಲ್ಲ, ನನ್ನ ಅವ್ವನ ಮೊಣಕಾಲಿನಿಂದ ಪ್ರಾರಂಭವಾಗುತ್ತಿತ್ತು. ದೀಪಾವಳಿಯ ಹಣತೆಗಳಿನ್ನೂ ಕಟ್ಟೆಯ ಮೇಲಿರುವಾಗಲೇ ಅವಳ ಬಲಮೊಣಕಾಲು ‘ಕಟ್’ ಎಂದದ್ದೇ ತಡ, ಮನೆಯಲ್ಲಿ ಯುದ್ಧಸನ್ನಾಹ: ಬೆರಣಿ ಅಟ್ಟಕ್ಕೆ, ಟ್ರಂಕಿನ ಬಟ್ಟೆ ಬಿಸಿಲಿಗೆ, ಕಿಟಕಿಯ ಸಂದಿಗೆ ಚಿಂದಿ. ಈ ಮಹಾಕಾರ್ಯದಲ್ಲಿ ನನ್ನ ಪಾತ್ರವೆಂದರೆ ಎಲ್ಲರಿಗೂ ಅಡ್ಡ ಬರುವುದು. ಅದನ್ನು ನಾನು ಶ್ರದ್ಧೆಯಿಂದ ನಿರ್ವಹಿಸುತ್ತಿದ್ದೆ.

ಸನ್ನಾಹದ ಶಿಖರ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿಯಲು ಆ ವರ್ಷ ಹೊಸದಾಗಿ ತಾನೂಬಾಯಿ ಬಂದಳು. ಆಕೆಗೆ ಮರಾಠಿ ಬಿಟ್ಟು ಬೇರೆ ಬಾರದು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬೇಡ. ನಡುವಿನ ದುಭಾಷಿಯಾದ ನಾನೋ ಶಾಲೆಯ ಕೆಲಸಕ್ಕಾಗಿ ನಾಲ್ಕು ದಿನ ಕೋವಾಡಕ್ಕೆ ಹೋಗಬೇಕಾಯಿತು. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಆ ಯುದ್ಧಕಾಲದ ಮೋಟಾರಿನಲ್ಲಿ ಕೆಮ್ಮುತ್ತ ಕೂತಾಗ, ನಾನಿಲ್ಲದೆ ಈ ಇಬ್ಬರು ಹೇಗೆ ಮಾತಾಡಿಯಾರೆಂಬ ಅಹಂಕಾರದ ಚಿಂತೆ ದಾರಿಯುದ್ದಕ್ಕೂ ಕಾಡಿತು.

ಅವರು ಬಹಳ ಚೆನ್ನಾಗಿಯೇ ಮಾತಾಡಿದ್ದರು. ಅವ್ವ ಪರಮ ಶಿವಭಕ್ತೆ. ಕೂತರೆ, ನಿಂತರೆ, ಹಾಲು ಉಕ್ಕಿದರೆ ‘ಶಿವಾ!’ ಆದರೆ ಮರಾಠಿಯಲ್ಲಿ ‘ಶಿವಾ’ ಎಂದರೆ ‘ಹೊಲಿಯಿರಿ’. ತಾನೂಬಾಯಿ ಒಂದೊಂದೇ ಬಟ್ಟೆ ಎತ್ತಿ, “ಆಜೀ, ಹೇ ಶಿವೂ?” ಎಂದು, ಅಂದರೆ ಇದನ್ನು ಹೊಲಿಯಲೇ ಎಂದು ಕೇಳುವುದು, ಗತಕಾಲದ ಸೀರೆಯನ್ನು ಕಂಡು ಅವ್ವ “ಶಿವಾ!” ಎಂದು ನಿಟ್ಟುಸಿರಿಡುವುದು. ಭಕ್ತಿಯೂ ಹೊಲಿಗೆಯೂ ಇಷ್ಟು ಸಾಮರಸ್ಯದಿಂದ ಬೇರೆಲ್ಲೂ ನಡೆದಿರಲಾರವು. ಕೊನೆಗೆ, ಹಗ್ಗದ ಮೇಲೆ ಬಿಸಿಲು ಕಾಯುತ್ತಿದ್ದ ನನ್ನ ಕರಿಯ ಉಣ್ಣೆಯ ಕೋಟಿಗೆ ಆಕೆ ಕೈಹಾಕಿದಾಗ ಅವ್ವ ಹೌಹಾರಿ, “ಶಿವಶಿವಾ! ನನ್ನ ಮಗನ ಕೋಟ್ ಐತಿ ಅದು! ಶಿವಾ!” ಎಂದು ಕೂಗಿ, ಕೋಟನ್ನು ಕಾಪಾಡಿದ ಸಮಾಧಾನದಿಂದ ಒಳಗೆ ಹೋದಳು. ಇಷ್ಟು ಸಲ ಅಪ್ಪಣೆಯಾದ ಮೇಲೆ ತಾನೂಬಾಯಿ ತಡಮಾಡುವ ಹೆಂಗಸಲ್ಲ.

ನಗಬೇಡಿ. ಮದುವೆಯಲ್ಲಿ ಹೊಲಿಸಿದ ಆ ಏಕಮೇವ ಕೋಟನ್ನು ತೊಟ್ಟೇ ನಾನು ಊರಿಗೆ ಮರಳಿದ ಮರುದಿನ ಕೊಲ್ಹಾಪುರದ ದೊಡ್ಡ ಶಾಲೆಯ ಹಿರಿಯರೆದುರು ನಿಲ್ಲಬೇಕಿತ್ತು. ಅಲ್ಲಿನ ಮಾಸ್ತರಿಕೆ ಸಿಗುವುದು ಅರ್ಧ ನನ್ನ ವಿದ್ಯೆಯಿಂದ, ಇನ್ನರ್ಧ ಕೋಟಿನಿಂದ ಎಂದು ನಂಬಿದ್ದೆ; ವಿದ್ಯೆಯ ಅರ್ಧದ ಬಗ್ಗೆ ನನಗೆ ಧೈರ್ಯವಿರಲಿಲ್ಲ. ಕೋವಾಡದಿಂದ ಮಧ್ಯಾಹ್ನ ಬಂದು ನೋಡಿದರೆ, ಅಂಗಳದಲ್ಲಿ ಕೌದಿಯ ಒಂದು ಅಂಚನ್ನು ತಾನೂಬಾಯಿ ಹೊಲಿಯುತ್ತಿದ್ದಾಳೆ, ಇನ್ನೊಂದನ್ನು ಅವ್ವ ಆಗಲೇ ಹೊದ್ದು ಮಲಗಿದ್ದಾಳೆ. ನಟ್ಟನಡುವೆ ಐದು ಗುಂಡಿಗಳು ಉಬ್ಬಿವೆ. ಎರಡೂ ತೋಳು ಚಾಚಿ ಪದರದೊಳಗೆ ಶರಣಾಗಿ ಬಿದ್ದಿದೆ ನನ್ನ ಕೋಟು.

ನಾನು ಗದ್ದಲವೆಬ್ಬಿಸಿದೆ. ವಿಷಯ ತಿಳಿದ ತಾನೂಬಾಯಿ ಹಣೆ ಚಚ್ಚಿಕೊಂಡು, ಹೊಲಿಗೆ ಬಿಚ್ಚಲು ಕತ್ತರಿ ಹಿಡಿದು ಕೌದಿಯನ್ನು ಎಳೆದಳು. ಅವ್ವ ಅರೆಗಣ್ಣು ತೆರೆದು, “ಜಗ್ಗಬ್ಯಾಡ್ರೋ. ಇದರಾಗ ಏನ್ ಹಾಕ್ಯಾಳೋ ಏನೋ, ಭಾಳ ಬೆಚ್ಚಗೈತಿ. ಮೊಣಕಾಲ ನೋವ ಮರತ ನಿದ್ದಿ ಹತ್ತಿತ್ತು,” ಎಂದು ಮತ್ತೆ ಕಣ್ಣು ಮುಚ್ಚಿದಳು. ಎಲ್ಲರನ್ನೂ ಬೆಚ್ಚಗಿಡುವುದಕ್ಕೆ ಓಡಾಡುತ್ತಿದ್ದ ಅವ್ವ ಚಳಿಗಾಲದಲ್ಲಿ ಹೀಗೆ ಮಲಗಿದ್ದನ್ನು ನಾನು ಕಂಡೇ ಇರಲಿಲ್ಲ. ಮನಸ್ಸು ಕರಗಿತು, ನಾಚಿಕೆಯೂ ಆಯಿತು.

ಕತ್ತರಿಯನ್ನು ಎತ್ತಿ ಹಿಡಿದೇ ತಾನೂಬಾಯಿ ನನ್ನ ಮುಖ ನೋಡಿದಳು. ಬರೀ ಅಂಗಿಯಲ್ಲಿ ನಡುಗುತ್ತ ಹಿರಿಯರೆದುರು ನಿಂತ ಮಾಸ್ತರನನ್ನು ಒಮ್ಮೆ ಕಲ್ಪಿಸಿಕೊಂಡೆ. “ಶಿವಾ,” ಎಂದೆ, ಅಚ್ಚ ಮರಾಠಿಯಲ್ಲಿ.