ಖಾಲಿ ಬಿಟ್ಟ ಔಷಧಿ ಕಾಲಂ

ದಯಾಮಣಿ ಸಿಸ್ಟರ್ ಕೂತ ಎರಡೇ ನಿಮಿಷಕ್ಕೆ ಅವರ ಬಲಗಾಲು ಕುಣಿಯಲು ಶುರುವಾಗುತ್ತಿತ್ತು. ಕಾಲು ಕುಣಿದರೆ ಟೇಬಲ್ಲು ಅಲುಗಾಡುತ್ತಿತ್ತು, ಟೇಬಲ್ಲು ಅಲುಗಾಡಿದರೆ ಅದರ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಅನ್ನುತ್ತಿದ್ದವು. ಪಕ್ಕದಲ್ಲಿ ಕೂತವರು ಅವರ ಮಂಡಿಯ ಮೇಲೆ ಕೈಯಿಡಬೇಕು. "ಅಯ್ಯೋ, ಹೌದಲ್ಲ" ಎಂದು ಎರಡು ವಾಕ್ಯ ಓದುವಷ್ಟು ಹೊತ್ತು ಸುಮ್ಮನಿರುತ್ತಿದ್ದರು. ಮೂರನೆಯ ವಾಕ್ಯಕ್ಕೆ ಲೋಟಗಳು ಮತ್ತೆ ಮಾತಾಡುತ್ತಿದ್ದವು.

ಇಂಥ ಹೆಂಗಸು ನಮ್ಮ ಮೂವರನ್ನು ಕೂರಿಸಿಕೊಂಡು ಆರು ವರ್ಷ ಬೈಬಲ್ ಓದಿಸಿದರು ಎಂದರೆ ಚಳ್ಳಕೆರೆಯಲ್ಲಿ ಅವರನ್ನು ಬಲ್ಲವರು ಈಗಲೂ ನಗುತ್ತಾರೆ. ಓದಿಸಿದರು ಅನ್ನುವುದೂ ದೊಡ್ಡ ಮಾತೇ. ಅವರಿಗೆ ನಮಗಿಂತ ಹೆಚ್ಚೇನೂ ಗೊತ್ತಿರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಮದುವೆಯಾಗಿರಲಿಲ್ಲ. ಆಟೋಗೆ ಕಾಯುವ ತಾಳ್ಮೆಯಿಲ್ಲದೆ ಊರೆಲ್ಲ ನಡೆದೇ ಓಡಾಡುತ್ತಿದ್ದರು, ಟೀ ಆರುವ ಮೊದಲೇ ಕುಡಿದು ನಾಲಿಗೆ ಸುಟ್ಟುಕೊಳ್ಳುತ್ತಿದ್ದರು. ಪ್ರಾರ್ಥನೆಯನ್ನೂ ಅಷ್ಟೇ, ಬಸ್ ಹೊರಟಿದೆಯೇನೋ ಎಂಬಂತೆ ಮುಗಿಸುತ್ತಿದ್ದರು.

ನನ್ನ ಕಥೆ ಬೇರೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಿ. ಸಂಡೇ ಸ್ಕೂಲಿನ ಬಾಯಿಪಾಠದ ಬಹುಮಾನಗಳೆಲ್ಲ ನನ್ನವೇ. ಹಾಗಾಗಿ ಬೈಬಲ್ ನನಗೆ ಗೊತ್ತು ಎಂಬ ಜಂಬ ಬಹಳ ಕಾಲ ಇತ್ತು. ನನ್ನ ಗಂಡ ನಲವತ್ತಾರನೇ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಏಳಲಿಲ್ಲ. ಮನೆಗೆ ಬಂದವರೆಲ್ಲ ಒಂದೊಂದು ಉತ್ತರ ತಂದಿದ್ದರು. ದೇವರ ಚಿತ್ತ ಎಂದರು, ಒಳ್ಳೆಯವರನ್ನು ಬೇಗ ಕರೆದುಕೊಳ್ಳುತ್ತಾನೆ ಎಂದರು. ನನಗೆ ಸಿಟ್ಟು ಬಂತು. ಚರ್ಚಿಗೆ ಹೋಗುವುದನ್ನು ಬಿಟ್ಟೆ. ಮನೆಯಲ್ಲಿ ಕೂರಲಾಗದೆ, ಹೊರಗೆ ಹೋಗಲೂ ಮನಸ್ಸಿಲ್ಲದೆ, ಅಡುಗೆಮನೆಗೂ ಬಾಗಿಲಿಗೂ ನಡುವೆ ಸುಮ್ಮನೆ ಓಡಾಡುತ್ತಿದ್ದೆ.

ಅಂಥ ಒಂದು ಸಂಜೆ ಸಿಸ್ಟರ್ ಗೇಟಿನ ಹತ್ತಿರ ಬಂದು ನಿಂತರು. ಒಳಗೆ ಕರೆದರೆ ಬರಲಿಲ್ಲ.

"ಟೀಚರ್, ಗುರುವಾರ ಸಂಜೆ ಬಿಡುವೈತಾ? ಸುಗುಣನ ಅಂಗಡೀಲಿ ಕೂತ್ಕೊಂಡು ಬೈಬಲ್ ಓದಾಣ ಅಂತ."

"ನನಗೆ ಪ್ರಾರ್ಥನೆ ಮಾಡೋಕೆ ಆಗಲ್ಲ ಸಿಸ್ಟರ್."

"ಮಾಡ್ಬ್ಯಾಡ್ರಿ. ಓದಾಕೆ ಬರ್ತೈತಲ್ಲ, ಅಷ್ಟು ಸಾಕು. ನಂಗೆ ಒಬ್ಳೇ ಕೂತ್ರೆ ಅರ್ಧ ಪುಟಕ್ಕೆ ಎದ್ದು ಹೋಗಂಗಾಗ್ತೈತೆ. ನಾಕು ಜನ ಇದ್ರೆ ಮರ್ಯಾದಿಗಾದ್ರೂ ಕೂತ್ಕೊಂತೀನಿ."

ಹೀಗೆ ಶುರುವಾಯಿತು. ಸುಗುಣ ಬ್ಲೌಸ್ ಹೊಲಿಯುವವಳು, ರಾಯದುರ್ಗದ ಕಡೆಯಿಂದ ಮದುವೆಯಾಗಿ ಬಂದವಳು. ಅವಳ ಬೈಬಲ್ ತೆಲುಗಿನದು. ಅವಳ ಅಂಗಡಿಯ ಶಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಟೇಬಲ್ಲಿನ ಸುತ್ತ ಕೂತೆವು. ನಾಲ್ಕನೆಯವಳು ಈರಮ್ಮ, ಆಸ್ಪತ್ರೆಯಲ್ಲಿ ಸಿಸ್ಟರ್ ಜೊತೆ ಆಯಾ. ನಾಯಕನಹಟ್ಟಿ ದಾರಿಯ ಒಂದು ಹಟ್ಟಿಯವಳು, ಕುರಿ ಸಾಕುವ ಮನೆಯ ಹೆಣ್ಣುಮಗಳು. ಓದು ಬರದು. "ನಮ್ ದ್ಯಾವ್ರು ನಮಗೈತೆ. ಬಸ್ಸಿಗೆ ಇನ್ನೂ ಒಂದು ತಾಸೈತೆ, ಟೀ ಕುಡ್ಕೊಂಡು ಕಥೆ ಕೇಳ್ತೀನಿ" ಎಂದು ಬಂದು ಕೂತಳು. ಆಮೇಲೆ ನಮ್ಮಲ್ಲಿ ಯಾರು ತಪ್ಪಿಸಿದರೂ ಅವಳು ತಪ್ಪಿಸುತ್ತಿರಲಿಲ್ಲ.

ಮೊದಲ ದಿನವೇ ಸಿಸ್ಟರ್ ಚೀಲದಿಂದ ಒಂದು ದಪ್ಪ ರಿಜಿಸ್ಟರ್ ತೆಗೆದರು. ಆಸ್ಪತ್ರೆಯಲ್ಲಿ ರಟ್ಟು ಹರಿದು ಬೇಡವಾದದ್ದು. ಪ್ರತಿ ಪುಟದಲ್ಲೂ ಹೆಸರು, ವಯಸ್ಸು, ತೊಂದರೆ, ಔಷಧಿ ಎಂದು ನಾಲ್ಕು ಕಾಲಂ ಅಚ್ಚಾಗಿತ್ತು.

"ಯಾರಿಗೆ ಏನು ತಿಳೀಲಿಲ್ವೋ ಅದನ್ನ ತೊಂದರೆ ಕಾಲಂನಾಗೆ ಬರೀರಿ" ಎಂದರು.

"ಔಷಧಿ ಯಾರು ಕೊಡ್ತಾರೆ?" ಎಂದು ನಾನು ಸ್ವಲ್ಪ ಕೊಂಕಾಗಿಯೇ ಕೇಳಿದೆ.

"ನಂಗ್ಯಾಕೆ ಗೊತ್ತು? ಡಾಕ್ಟ್ರು ಬರೋತಂಕ ನರ್ಸು ಔಷಧಿ ಬರ್ಯಂಗಿಲ್ಲ. ಖಾಲಿ ಬಿಡಿ."

ನಾನು ಪೆನ್ನು ಕಸಿದುಕೊಂಡು ನನ್ನ ಹೆಸರು, ವಯಸ್ಸು ಬರೆದೆ. ತೊಂದರೆ ಎಂಬಲ್ಲಿ, ನನ್ನ ಗಂಡ ಯಾಕೆ ಹೋದರು, ಎಂದು ಬರೆದೆ. ಯಾರಾದರೂ ಬಾಯಿ ತೆರೆದರೆ ಎದ್ದು ಹೋಗಬೇಕೆಂದೇ ಬರೆದದ್ದು. ಸಿಸ್ಟರ್ ಓದಿದರು. ಔಷಧಿಯ ಕಾಲಂ ಮೇಲೆ ಒಂದು ಸಲ ಬೆರಳಾಡಿಸಿ ರಿಜಿಸ್ಟರ್ ಮುಚ್ಚಿದರು. "ಮುಂದಕ್ಕೆ ಓದ್ರಿ" ಎಂದರು. ಆ ರಾತ್ರಿ ನಾನು ಬಹಳ ದಿನಗಳ ಮೇಲೆ ನಿದ್ದೆ ಮಾಡಿದೆ.

ಅಂದಮಾತ್ರಕ್ಕೆ ನಮ್ಮ ಓದು ಚೆಂದವಾಗಿತ್ತು ಎಂದುಕೊಳ್ಳಬೇಡಿ. ಒಂದು ಅಧ್ಯಾಯಕ್ಕೆ ಮೂರು ವಾರ ಹಿಡಿದದ್ದುಂಟು. ಸುಗುಣ ಹುಕ್ಕು ಹಾಕುತ್ತಾ ಕೇಳುವಳು, ನಡುನಡುವೆ "ಏಮೋ ಅಕ್ಕಾ, ನಮ್ ತೆಲುಗಾಗೆ ಇಂಗಿಲ್ಲ" ಎಂದು ತಕರಾರು ತೆಗೆಯುವಳು. ಯಾರಾದರೂ ಬ್ಲೌಸ್ ಕೇಳಿಕೊಂಡು ಶಟರ್ ಬಡಿದರೆ ಅರ್ಧ ಗಂಟೆ ಹೋಯಿತು. ನನಗೋ ಪೋರ್ಷನ್ ಮುಗಿಸುವ ಚಟ. ವಾರಕ್ಕೆ ಎರಡು ಅಧ್ಯಾಯದಂತೆ ವೇಳಾಪಟ್ಟಿ ಹಾಕಿ ಗೋಡೆಗೆ ಅಂಟಿಸಿದೆ. ಸಿಸ್ಟರ್ ಅದರ ಹಿಂಬದಿಯಲ್ಲಿ ಸುಗುಣನಿಗೆ ಯಾವುದೋ ಅಳತೆ ಬರೆದುಕೊಟ್ಟರು.

ಎರಡನೇ ವರ್ಷವೇ ಇರಬೇಕು, ತಪ್ಪಿಸಿಕೊಂಡ ಕುರಿಯ ಕಥೆ ಬಂತು. ನೂರು ಕುರಿಯವನು ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಕಳೆದುಹೋದ ಒಂದನ್ನು ಹುಡುಕಿಕೊಂಡು ಹೋಗುತ್ತಾನಲ್ಲ, ಅದು. ನಾನು ಓದಿ ಮುಗಿಸುವ ಮೊದಲೇ ಈರಮ್ಮ ಲೋಟ ಕೆಳಗಿಟ್ಟಳು.

"ಯಾವನವ್ವ ಅವ್ನು? ತೊಂಬತ್ತೊಂಬತ್ತು ಬಯಲಾಗೆ ಬಿಟ್ಟು ಹೋದ್ರೆ ತೋಳ ಸುಮ್ಕಿರ್ತೈತಾ? ಅವನ ಜೊತಿಗೆ ಇನ್ನೊಬ್ಬ ಇದ್ದಿರ್ಬೇಕು. ಪುಸ್ತಕದಾಗೆ ಸರಿಯಾಗಿ ನೋಡ್ರಿ ಟೀಚರಮ್ಮ, ಇನ್ನೊಬ್ಬ ಯಾರು?"

"ಇದು ಕುರಿ ಕಾಯೋ ಪಾಠ ಅಲ್ಲ ಈರಮ್ಮ. ಇದರ ಅರ್ಥ ಬೇರೆ. ಗೊತ್ತಿಲ್ಲದಿದ್ರೆ ಸುಮ್ನೆ ಕೇಳಿಸ್ಕೋಬೇಕು."

ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೇಳುವ ದನಿಯಲ್ಲೇ ಹೇಳಿಬಿಟ್ಟೆ. ಈರಮ್ಮ ತನ್ನ ಲೋಟ ತಾನೇ ತೊಳೆದು ಬೋರಲು ಹಾಕಿ ಹೋದಳು. ಮುಂದಿನ ಗುರುವಾರ ಬರಲಿಲ್ಲ.

ಸಿಸ್ಟರ್ ಅಂದು ಪುಸ್ತಕ ತೆರೆಯಲು ಬಿಡಲಿಲ್ಲ. ಟೀ ಕುಡಿದು ಎದ್ದೆವು. ಅದರ ಮುಂದಿನ ವಾರವೂ ಅಷ್ಟೇ. ಮೂರನೆಯ ವಾರ ನನಗೆ ತಡೆಯಲಾಗಲಿಲ್ಲ.

"ಒಬ್ಬಳು ಬರಲಿಲ್ಲ ಅಂತ ಎಲ್ಲರೂ ನಿಲ್ಲಿಸಿಕೊಂಡು ಕೂರಬೇಕಾ ಸಿಸ್ಟರ್?"

ಸುಗುಣ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನೇ ಓದಿದ ಕಥೆ ಆಗ ನನ್ನ ತಲೆಗೆ ಹತ್ತಿತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸಿಸ್ಟರ್ ಬೈಯಲಿಲ್ಲ. ಆಗಲೇ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ಆರೂಕಾಲಿಗೆ ಬಸ್ಸೈತೆ, ಬರ್ರಿ" ಎಂದರು.

ಹಟ್ಟಿಗೆ ನಾವು ಹೋದಾಗ ಕುರಿಗಳನ್ನು ರೊಪ್ಪಕ್ಕೆ ಕೂಡುತ್ತಿದ್ದರು. ಈರಮ್ಮನ ಗಂಡ ಮುಳ್ಳಿನ ಬೇಲಿಯ ಬಾಯಲ್ಲಿ ನಿಂತು ಎಣಿಸುತ್ತಿದ್ದ. ಈರಮ್ಮ ಎಣಿಸುತ್ತಿರಲಿಲ್ಲ. ಒಂದೊಂದರ ಮುಖ ನೋಡಿ ಒಳಗೆ ಬಿಡುತ್ತಿದ್ದಳು.

"ನನ್ನದು ತಪ್ಪಾಯ್ತು ಈರಮ್ಮ" ಎಂದೆ. ಆ ಮಾತು ಆಡಿ ನನಗೆ ಅಭ್ಯಾಸವಿರಲಿಲ್ಲ.

ಅವಳು ತಿರುಗದೆಯೇ ಹೇಳಿದಳು: "ತೆಪ್ಪು ಗಿಪ್ಪು ಬ್ಯಾಡ್ರಿ ಟೀಚರಮ್ಮ. ಇಲ್ನೋಡ್ರಿ. ಒಂದು ಬರ್ಲಿಲ್ಲ ಅಂದ್ರೆ ನಾನು ಹುಡುಕ್ಕೊಂಡು ಹೋಗ್ತೀನಿ. ಉಳಿದಿದ್ದನ್ನ ಕಾಯ್ಕೊಂಡು ಇವ್ರು ಇಲ್ಲೇ ಇರ್ತಾರೆ. ಇಬ್ರಿಲ್ದೆ ಆಗಂಗಿಲ್ಲ. ಅದ್ಕೇ ಕೇಳಿದ್ದು, ಆ ಇನ್ನೊಬ್ಬ ಯಾರು ಅಂತ."

ಸಿಸ್ಟರ್ ರೊಪ್ಪದ ಬೇಲಿಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ರಿಜಿಸ್ಟರ್ ತೆಗೆದರು. ಈರಮ್ಮನ ಹೆಸರು ಬರೆದರು. ವಯಸ್ಸು ಅವಳಿಗೆ ಗೊತ್ತಿರಲಿಲ್ಲ, ಅಂದಾಜಿನಲ್ಲಿ ಐವತ್ತು ಎಂದು ಹಾಕಿದರು. ತೊಂದರೆ: ಇನ್ನೊಬ್ಬ ಯಾರು? ಔಷಧಿ ಖಾಲಿ. ಮುಂದಿನ ಗುರುವಾರ ಈರಮ್ಮ ಬಂದಳು. ನನ್ನ ವೇಳಾಪಟ್ಟಿಯನ್ನು ನಾನೇ ಗೋಡೆಯಿಂದ ಕಿತ್ತೆ.

ನಾಲ್ಕನೇ ವರ್ಷ ಸಿಸ್ಟರ್‌ಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಬಿಡಲಿಲ್ಲ. ಹೆಂಗಸರಿಗೆ ಬಸ್ಸು ಫ್ರೀ ಆಗಿತ್ತು. ಹದಿನೈದು ದಿನಕ್ಕೊಂದು ಶನಿವಾರ, ಸ್ಕೂಲು ಬಿಟ್ಟ ಮೇಲೆ, ಒಂದು ಸಲ ನಾವು ಅಲ್ಲಿಗೆ, ಇನ್ನೊಂದು ಸಲ ಅವರು ಇಲ್ಲಿಗೆ ಎಂದು ಗೊತ್ತುಮಾಡಿದರು. ಜೊತೆಗೊಂದು ಕಾನೂನು: ಮನೆ ಬಿಡುವಾಗಲೇ ಫೋನ್ ಆಫ್ ಮಾಡಬೇಕು. ಆನ್ ಇದ್ದರೆ ಆಸ್ಪತ್ರೆಯವರು ಅರ್ಧ ದಾರಿಯಿಂದಲೇ ಅವರನ್ನು ವಾಪಸ್ ಕರೆಸಿಕೊಳ್ಳುತ್ತಿದ್ದರು.

ಒಂದು ಸಲ ಸುಗುಣನಿಗೆ ಜ್ವರ ಬಂದು ಓದು ರದ್ದಾಯಿತು. ರದ್ದಾದ ಸರದಿ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಯಾರೂ ಮಾತಾಡಲಿಲ್ಲ. ಮುಂದಿನ ಶನಿವಾರ ನಾವು ಮೂವರು ಮೊಳಕಾಲ್ಮೂರಿಗೆ ಹೋಗಿ ಅವರ ಬೀಗ ಹಾಕಿದ ಬಾಗಿಲ ಮುಂದೆ ನಿಂತೆವು. ಅವರು ಅದೇ ಹೊತ್ತಿಗೆ ಚಳ್ಳಕೆರೆಯಲ್ಲಿ ಸುಗುಣನ ಶಟರ್ ಮುಂದೆ ನಿಂತಿದ್ದರು. ನಾಲ್ವರ ಫೋನೂ ಆಫ್, ಆನ್ ಮಾಡುವುದು ಯಾರಿಗೂ ಹೊಳೆಯಲಿಲ್ಲ. ಒಂದು ಗಂಟೆ ಕಾದು ನಾವು ಹಿಂದಿರುಗಿದೆವು. ನಮ್ಮ ಬಸ್ಸು ಬಿ.ಜಿ. ಕೆರೆಯಲ್ಲಿ ನಿಂತಾಗ ಎದುರು ದಿಕ್ಕಿನ ಬಸ್ಸಿನ ಕಿಟಕಿಯಲ್ಲಿ ಸಿಸ್ಟರ್ ಮುಖ ಕಂಡಿತು. ಈರಮ್ಮ ಕೂಗಿದ ಕೂಗಿಗೆ ಎರಡೂ ಬಸ್ಸಿನವರು ತಿರುಗಿ ನೋಡಿದರು. ನಾಲ್ವರೂ ಇಳಿದೆವು. ರಸ್ತೆಬದಿಯ ಬೇವಿನಮರದ ಕಟ್ಟೆಯ ಮೇಲೆ ಕೂತು, ಸಿಸ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಬರೇ ಓಡಾಟವೇ ಆತಲ್ರೀ ನಮ್ದು! ಇನ್ಮ್ಯಾಲೆ ಇಲ್ಲೇ ಓದಾಣ" ಎಂದರು. ಆಮೇಲೆ ಬಿ.ಜಿ. ಕೆರೆಯ ಆ ಕಟ್ಟೆಯೇ ನಮ್ಮ ಜಾಗವಾಯಿತು. ಅಲ್ಲಿ ಕುಣಿಯುವ ಕಾಲಿಗೆ ಗಲಗಲ ಅನ್ನಲು ಲೋಟಗಳಿರಲಿಲ್ಲ, ಪೇಪರ್ ಕಪ್ಪಿನ ಟೀ ಚೆಲ್ಲುತ್ತಿತ್ತು ಅಷ್ಟೆ.

ಅಲ್ಲಿಯೇ ಅವರನ್ನು ಕೊನೆಯ ಸಲ ಕಂಡದ್ದು. ಅಂದು ನಾನು ಪೂರ್ತಿ ಒಂದು ಅಧ್ಯಾಯ ಓದಿದೆ. ಸಿಸ್ಟರ್ ಮರಕ್ಕೆ ಒರಗಿ ಕೂತು ಕೇಳಿದರು. ಕಾಲು ಒಂದು ಸಲವೂ ಅಲುಗಾಡಲಿಲ್ಲ. ಅಂತೂ ಇಷ್ಟು ವರ್ಷಕ್ಕೆ ನಮ್ಮ ಓದು ಇವರನ್ನು ನೆಟ್ಟಗೆ ಕೂರಿಸಿತು ಎಂದು ನನಗೆ ಖುಷಿಯಾಯಿತು. ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅವರು ನಕ್ಕರು. ಹೊರಡುವಾಗ ರಿಜಿಸ್ಟರನ್ನು ಈರಮ್ಮನ ಕೈಗಿಟ್ಟರು.

"ನಂಗ್ಯಾಕೆ ಸಿಸ್ಟರಮ್ಮ? ಓದಾಕೆ ಬರಂಗಿಲ್ಲ."

"ಅದ್ಕೇ ನಿಂಗೆ. ಇವ್ರು ಎಲ್ಲಾದ್ರೂ ಮರೆತು ಬರ್ತಾರೆ. ನೀನು ಕಳೆಯಂಗಿಲ್ಲ."

ದಾವಣಗೆರೆಯಲ್ಲಿ ಅಣ್ಣನ ಮನೆಗೆ ಸ್ವಲ್ಪ ದಿನ ಹೋಗಿ ಬರುತ್ತೇನೆ ಎಂದರು. ಎರಡು ತಿಂಗಳಾಗುವ ಮೊದಲೇ ಅವರ ಅಣ್ಣನ ಫೋನ್ ಬಂತು. ಸಿಸ್ಟರ್ ತೀರಿಕೊಂಡಿದ್ದರು, ಹೊಟ್ಟೆಯ ಕ್ಯಾನ್ಸರ್. ಸಿಸ್ಟರ್‌ಗೆ ಆ ಮೊದಲೇ ಗೊತ್ತಿತ್ತು. ಆ ದಿನ ಅವರು ಅಲುಗಾಡದೆ ಕೂತದ್ದು ನೋವಿಗೆ. ನಾನು ಅದನ್ನು ಹೊಗಳಿದ್ದೆ. ಆ ಮಾತು ಈಗಲೂ ಪಾಠದ ನಡುವೆ ನೆನಪಾಗಿ ಸೀಮೆಸುಣ್ಣ ಕೈಯಲ್ಲೇ ನಿಲ್ಲುತ್ತದೆ.

ಮಣ್ಣು ಮಾಡಿ ಬಂದ ಮೇಲೆ ನಾವು ಮೂವರೂ ಓದಿನ ಮಾತೆತ್ತಲಿಲ್ಲ. ಶನಿವಾರ ಬಂತು. ಸ್ಕೂಲಿನಿಂದ ಬಂದವಳು ಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದೆ. ಸುಗುಣನಿಗೆ ಫೋನ್ ಮಾಡೋಣವೆಂದು ಎತ್ತಿದೆ, ಬರುವುದಿಲ್ಲ ಎಂದರೆ ಏನು ಮಾಡಲಿ ಎಂದು ಹೆದರಿ ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದೆ.

ಬಿ.ಜಿ. ಕೆರೆಯ ಕಟ್ಟೆಯ ಮೇಲೆ ಈರಮ್ಮ ಕೂತಿದ್ದಳು, ರಿಜಿಸ್ಟರನ್ನು ಟವಲಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು. "ಸುಗುಣಮ್ಮ ಟೀ ತರಾಕೆ ಹೋಗೈತೆ" ಎಂದಳು. ನನಗೆ ಅಳು ಬಂತು, ಅತ್ತೆ.

ಸುಗುಣ ಬಂದ ಮೇಲೆ ಈರಮ್ಮ ರಿಜಿಸ್ಟರ್ ಬಿಚ್ಚಿ ಕೊಟ್ಟಳು. "ಬರ್ಕೊಳ್ಳಿ ಟೀಚರಮ್ಮ. ನಂದೊಂದು ತೊಂದ್ರಿ ಐತೆ. ಸಿಸ್ಟರಮ್ಮ ನಮಗೆ ಯಾಕೆ ಹೇಳ್ಲಿಲ್ಲ?"

ಬರೆಯಲು ಪುಟ ತಿರುವುತ್ತಾ ಮೊದಲ ಪುಟ ನೋಡಿದೆ. ನನ್ನ ಪ್ರಶ್ನೆಯ ಎದುರು ಔಷಧಿ ಕಾಲಂ ಖಾಲಿಯೇ ಇತ್ತು. ಅಲ್ಲಿ ಏನಾದರೂ ಬರೆದು ಹೋಗಿದ್ದರೆ ನಾನು ಅವರನ್ನು ಕ್ಷಮಿಸುತ್ತಿರಲಿಲ್ಲ. ಇಡೀ ರಿಜಿಸ್ಟರಿನಲ್ಲಿ ಒಂದೇ ಒಂದು ಕಡೆ ಆ ಕಾಲಂ ತುಂಬಿತ್ತು. ಇನ್ನೊಬ್ಬ ಯಾರು ಎಂಬ ಈರಮ್ಮನ ಕುರಿಯ ಪ್ರಶ್ನೆಯ ಎದುರು, ಸಿಸ್ಟರ್ ಅವರ ಅವಸರದ ಅಕ್ಷರದಲ್ಲಿ, ನಮ್ಮ ಮೂವರ ಹೆಸರಿತ್ತು.

ಓದಿ ಹೇಳಿದೆ. ಸುಗುಣ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಈರಮ್ಮ ಕುಣಿಯುತ್ತಿದ್ದ ನನ್ನ ಮಂಡಿಯ ಮೇಲೆ ಕೈಯಿಟ್ಟಳು.

"ಮುಂದಕ್ಕೆ ಓದ್ರಿ ಟೀಚರಮ್ಮ" ಎಂದಳು. "ಬಸ್ಸಿಗೆ ಇನ್ನೂ ಒಂದು ತಾಸೈತೆ."