ಇಂದ್ರವ್ವನ ತೂತಿನ ಗೋಡೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಸಾವಳಗಿಯ ಇಂದ್ರವ್ವನಿಗೆ ಕಟ್ಟಿದ ಮನೆಯೇ ಮಗನ ಮದುವೆಗೆ ಅಡ್ಡ ನಿಂತಿತ್ತು.

ಬಾಡಗಂಡಿಯಿಂದ ಸೊಸೆಯಾಗಿ ಬಂದಂದಿನಿಂದ ತಗಡಿನ ಮನೆಯಲ್ಲಿ ಬೆಂದ ಹೆಂಗಸು ಅವಳು. ಗಂಡ ಗಿರಿಮಲ್ಲಪ್ಪ ಗೋಡೆ ಕಟ್ಟುವ ಗೌಂಡಿ. ರಾಜಸ್ಥಾನದ ಮರಳುಗಾಡಿನಲ್ಲಿ ಹೊಸ ನಮೂನೆಯ ಕಾಲೇಜೊಂದನ್ನು ಕಟ್ಟುವಾಗ ಅಲ್ಲಿ ದುಡಿಯಲು ಹೋಗಿದ್ದ. ಮೇಲೆ ಸಿಮೆಂಟು ಬಳಿದು ಗಿಲಾವು ಮಾಡದ ಬರಿ ಕಾಂಕ್ರೀಟು, ಗಾಳಿಯಾಡುವ ಜಾಲಂದ್ರದ ಗೋಡೆ, ನಡುವೆ ನೆರಳಿನ ಅಂಗಳ. ನೋಡಿ ಮರುಳಾಗಿ ಬಂದವನು ತನ್ನ ಮನೆಯನ್ನೂ ಹಾಗೇ ಕಟ್ಟಿದ. ಸುಡು ಬೇಸಿಗೆಯಲ್ಲೂ ಒಳಗೆ ತಂಪು. ಮಧ್ಯಾಹ್ನ ಆ ಗೋಡೆಯ ಬುಡದಲ್ಲೇ ಇಂದ್ರವ್ವನ ನಿದ್ದೆ, ಆದರೆ ಅದನ್ನು ಗಂಡನೆದುರು ಒಪ್ಪಿಕೊಂಡವಳಲ್ಲ.

ಊರಿನ ಬಾಯಿ ಮುಚ್ಚುವವರು ಯಾರು? 'ತೂತಿನ ಮನಿ' ಎಂದು ಹೆಸರಿಟ್ಟರು. ಮಗ ಕಲ್ಮೇಶನಿಗೆ ಹೆಣ್ಣು ಕೊಡಲೆಂದು ಮನೆ ನೋಡಲು ಬಂದವರು, ಗಿಲಾವಿಗೂ ಗತಿಯಿಲ್ಲದ ಜನ ಎಂದುಕೊಂಡು ಚಹಾ ಕುಡಿದು ಹೋದವರು ಮತ್ತೆ ತಲೆ ಹಾಕಲಿಲ್ಲ. ಹೀಗೆ ಎರಡು ಸಂಬಂಧ ತಪ್ಪಿದವು.

ಮುಧೋಳದವರು ಬರುತ್ತಾರೆಂದಾಗ ಇಂದ್ರವ್ವ, ಗೋಡೆ ಮುಚ್ಚಬೇಡ ಎಂದ ಗಂಡನ ಮಾತು ಕೇಳದೆ, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆಗಳನ್ನೆಲ್ಲ ತೆಗೆದು ಗೋಡೆಯುದ್ದಕ್ಕೂ ಕಟ್ಟಿದಳು. ತೂತು ಕಾಣಲಿಲ್ಲ. ಗಾಳಿಯೂ ಬರಲಿಲ್ಲ.

ಬಂದವರು ಕೂತ ಹೊತ್ತಿಗೇ ಕರೆಂಟು ಹೋಯಿತು. ಹುಡುಗಿಯ ಅಜ್ಜಿ ಸತ್ಯವ್ವ ಸೆರಗಿನಿಂದ ಗಾಳಿ ಹಾಕಿಕೊಂಡು ಸಾಕಾಗಿ, ಎದ್ದು ಹೋಗಿ ಒಂದು ಸೀರೆ ಜಗ್ಗಿದಳು. ಅದು ಕಳಚಿ ಬಿತ್ತು, ಗಾಳಿ ಒಳಬಂತು. ಮುದುಕಿ ಮಿಕ್ಕ ಸೀರೆಗಳನ್ನೂ ಎಳೆದೆಳೆದು ಕೆಡವಿದಳು. ಇಂದ್ರವ್ವ ತಡೆಯಲು ಓಡಿ ಬಂದಳು. ಸತ್ಯವ್ವ ಮಾತ್ರ ಆ ಗೋಡೆಯ ಬುಡದಲ್ಲೇ ಅಡ್ಡಾಗಿ, ಬಂದ ಕೆಲಸ ಮರೆತು ನಿದ್ದೆ ಹೋದಳು. ಈ ಸಂಬಂಧವೂ ಹೋಯಿತೆಂದು ಇಂದ್ರವ್ವ ಅಡುಗೆಮನೆಯಲ್ಲಿ ಕೂತು ಅತ್ತಳು.

ಎದ್ದ ಅಜ್ಜಿ ಅವಳನ್ನು ಕರೆಸಿದಳು.

"ಇಂಥಾ ಗ್ವಾಡಿ ಯಾಕ ಮುಚ್ಚಿದ್ದಿಬೇ ತಂಗಿ?"

"ನಾಚಿಕಿ ಆಗಿತ್ರಿ ಯವ್ವಾ."

"ತಗಡಿನ ಕೆಳಗ ರೊಟ್ಟಿ ಬಡದು ಬಡದು ನನ್ನ ಜಲ್ಮಾ ಬೆಂದು ಹೋತು. ನಮ್ಮ ಹುಡುಗಿ ಇಲ್ಲಿ ಬೇಯೂದಿಲ್ಲ."

ಗಿರಿಮಲ್ಲಪ್ಪ ಗೋಡೆಯ ಕಡೆ ಮುಖ ತಿರುಗಿಸಿ ಮೀಸೆಯಲ್ಲೇ ನಕ್ಕ. ಇಂದ್ರವ್ವ ಕೆಳಗೆ ಬಿದ್ದ ಸೀರೆಗಳಲ್ಲಿ ಎಲ್ಲಕ್ಕಿಂತ ಛಲೋದೊಂದನ್ನು ಆರಿಸಿ, ಧೂಳು ಝಾಡಿಸಿ, ಮಡಚಿ, ಹುಡುಗಿಗೆಂದು ಅಜ್ಜಿಯ ಉಡಿಯಲ್ಲಿಟ್ಟಳು.