ಗೊನೆ ಬಿಡದ ಬೂದುಬಾಳೆ

ನಮ್ಮ ಕಡೆ ಹಿತ್ತಲ ಬಾಳೆ ಎಂದರೆ ಏಲಕ್ಕಿ, ಇಲ್ಲವೇ ಪಚ್ಚಬಾಳೆ. ಬೂದುಬಾಳೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅಮ್ಮ ಮದುವೆಯಾಗಿ ಮೇಲೂರಿನ ಪಕ್ಕದ ನಮ್ಮೂರಿಗೆ ಬಂದಾಗ ತವರಿನಿಂದ ಒಂದು ಕಂದು ತಂದು ಬಚ್ಚಲ ನೀರು ಹರಿಯುವಲ್ಲಿ ನೆಟ್ಟಿದ್ದಳಂತೆ. ಅದರ ಕಾಯಿಯ ಮೇಲೆಲ್ಲ ಬೂದಿ ಸವರಿದ ಹಾಗೆ ಬಿಳಿ ಪುಡಿ. ಮುಟ್ಟಿದರೆ ಬೆರಳಿನ ಗುರುತು ಉಳಿದುಬಿಡುತ್ತದೆ. ಹಣ್ಣಾದರೆ ಅಂಥ ರುಚಿಯೇನಿಲ್ಲ, ಆದರೆ ಬಜ್ಜಿಗೂ ಪಲ್ಯಕ್ಕೂ ಆ ಕಾಯಿಯೇ ಆಗಬೇಕು. ಅಕ್ಕ ಎಳೆಗಾಯಿಯ ಮೇಲೆ ಉಗುರಿನಿಂದ ನನ್ನ ಹೆಸರಿನ ಮೊದಲಕ್ಷರ ಬರೆಯುತ್ತಿದ್ದಳು. ಕಾಯಿ ದಪ್ಪವಾದಂತೆ ಅಕ್ಷರವೂ ದಪ್ಪವಾಗುತ್ತಿತ್ತು. ಆ ಕಾಯಿ ನನಗೇ ಬೇಕೆಂದು ನಾನು ರಂಪ ಮಾಡುತ್ತಿದ್ದೆ.

ಎಂಬತ್ತರ ದಶಕದ ನಡುವೆ, ನಾನು ಹೈಸ್ಕೂಲಿನಲ್ಲಿದ್ದಾಗ, ಅಕ್ಕನಿಗೆ ಗಂಡು ನೋಡತೊಡಗಿದರು. ಜಾತಕದಲ್ಲಿ ಕುಜದೋಷವಿದೆ, ಕಟ್ಟಿಕೊಂಡವನಿಗೆ ಆಯುಸ್ಸಿಲ್ಲ ಎಂದು ಬಂದ ಸಂಬಂಧಗಳೆಲ್ಲ ಹಿಂದಕ್ಕೆ ಹೋದವು. ಕೊನೆಗೆ ಚಿಂತಾಮಣಿಯ ಪುರೋಹಿತರೊಬ್ಬರು ದಾರಿ ತೋರಿಸಿದರು. ಹುಡುಗಿಗೆ ಮೊದಲು ಬಾಳೆಗಿಡದ ಜೊತೆ ಮದುವೆ ಮಾಡಬೇಕು, ಅವತ್ತೇ ಆ ಗಿಡ ಕಡಿಯಬೇಕು. ದೋಷ ಗಿಡದೊಂದಿಗೆ ಹೋಗುತ್ತದೆ, ಆಮೇಲೆ ಬರುವ ಗಂಡ ಸುಖವಾಗಿರುತ್ತಾನೆ. ಗಿಡ ಇನ್ನೂ ಗೊನೆ ಹಾಕಿರಬಾರದು, ಅಷ್ಟೇ.

ಒಂದು ಬೆಳಿಗ್ಗೆ ಹಿತ್ತಲಲ್ಲಿ ಮದುವೆ ನಡೆಯಿತು. ಎತ್ತರದ ಗಿಡವೊಂದಕ್ಕೆ ಅಪ್ಪನ ಹೊಸ ಪಂಚೆ ಸುತ್ತಿ, ಮೇಲೊಂದು ಶಲ್ಯ ಹೊದಿಸಿದರು. ನನಗೆ ನಗು ತಡೆಯಲಾಗಲಿಲ್ಲ, ಅಮ್ಮ ತೊಡೆ ಜಿಗುಟಿದಳು. ಅಕ್ಕ ನಗಲಿಲ್ಲ. ಅರಿಸಿನ ಕೊಂಬಿನ ದಾರವನ್ನು ಗಿಡಕ್ಕೆ ಮುಟ್ಟಿಸಿ ಅವಳ ಕೊರಳಿಗೆ ಕಟ್ಟುವಾಗ ತಲೆ ಬಗ್ಗಿಸಿ ನಿಂತಿದ್ದಳು. ಪುರೋಹಿತರಿಗೆ ಬಸ್ಸಿನ ಅವಸರ. "ದಾರ ಬಿಚ್ಚಿ, ಗಿಡ ಕಡಿದು ಕೆರೆಗೆ ಬಿಡಿ. ಹುಡುಗಿ ತಲೆಗೆ ಸ್ನಾನ ಮಾಡ್ಲಿ," ಎಂದು ಹೇಳಿ ಹೊರಟೇಬಿಟ್ಟರು.

ಅಕ್ಕ ಬಚ್ಚಲಿಗೆ ಹೋದಳು. ಅಪ್ಪ ಮಚ್ಚು ತಂದರು. ಪಂಚೆ ಬಿಚ್ಚುತ್ತಿದ್ದ ಅಮ್ಮ ಮೇಲೆ ನೋಡಿದವಳೇ ಅಪ್ಪನ ಕೈ ಹಿಡಿದಳು.

"ರೀ, ತಡೀರಿ. ಸುಳಿ ಹತ್ರ ಪುಟ್ಟೆಲೆ ಬಂದಿದೆ. ಹೊಟ್ಟೇಲಿ ಗೊನೆ ಐತೆ."

ಬಾಳೆ ಗೊನೆ ಹಾಕುವ ಮುಂಚೆ ಕೊನೆಯದಾಗಿ ಒಂದು ಚಿಕ್ಕ ಎಲೆ ಬಿಡುತ್ತದೆ. ಅಂಥ ಗಿಡವನ್ನು ಅಮ್ಮ ಬಸುರಿ ಎನ್ನುತ್ತಿದ್ದಳು, ಅದಕ್ಕೆ ಮಚ್ಚು ತಾಗಿಸಲು ಬಿಡುತ್ತಿರಲಿಲ್ಲ. ಅಪ್ಪ ಎತ್ತಿದ ಮಚ್ಚು ಇಳಿಸಿದರು. ಬಜ್ಜಿ ಎಂದರೆ ಪ್ರಾಣ ಬಿಡುವ ಮನುಷ್ಯ ಬೇರೆ. ಪಕ್ಕದಲ್ಲಿದ್ದ ಸಣ್ಣ ಗಿಡಕ್ಕೆ ಆ ಪಂಚೆಯನ್ನೇ ಸುತ್ತಿ, ಒಂದೇ ಏಟಿಗೆ ಕೆಡವಿ, ಹೆಗಲ ಮೇಲೆ ಹೊತ್ತು ಕೆರೆಯ ಕಡೆ ನಡೆದರು. ಒಳಗೆ ಅಕ್ಕ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು.

"ಅಕ್ಕನ ಹತ್ರ ಬಾಯಿ ಬಿಟ್ರೆ ನೋಡು," ಎಂದಳು ಅಮ್ಮ.

ಎರಡೇ ತಿಂಗಳಲ್ಲಿ ಗೌರಿಬಿದನೂರಿನ ಸಂಬಂಧ ಕೂಡಿಬಂತು. ಭಾವ ಅಲ್ಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದರು, ನಗುಮುಖದ ಮನುಷ್ಯ. ಮೊದಲ ದೀಪಾವಳಿಗೆ ಅಳಿಯ ಬಂದಾಗ ಆ ಗಿಡದ ಗೊನೆ ಬಲಿತು ಕೂತಿತ್ತು. ಅಮ್ಮ ಅದನ್ನೇ ಇಳಿಸಿ ಬಜ್ಜಿ ಕರಿದಳು. ಹೆಂಡತಿಯ ಮೊದಲ ಗಂಡನ ಕಾಯಿಯನ್ನು ಭಾವ ಚಪ್ಪರಿಸಿಕೊಂಡು ತಿಂದರು, ಇನ್ನೊಂದು ತಟ್ಟೆ ಕೇಳಿದರು. ನಾನು ಒಂದನ್ನೂ ಮುಟ್ಟಲಿಲ್ಲ. ಅಕ್ಕನೂ ಹೊಟ್ಟೆ ಸರಿಯಿಲ್ಲ ಎಂದು ತಟ್ಟೆ ಸರಿಸಿದಳು. ಹೊರಡುವಾಗ ಮಾತ್ರ ಅಮ್ಮನನ್ನು ಒಂದು ಕಂದು ಕೇಳಿದಳು.

"ಬೇರೆ ಬುಡದ್ದು ಬ್ಯಾಡಮ್ಮ. ಅದೇ ಬುಡದ್ದು ಕಿತ್ತುಕೊಡು."

ಅಮ್ಮ ನನ್ನ ಮುಖ ನೋಡಿದಳು. ಏನೆಂದು ಬೇಡವೆನ್ನುವುದು? ಕಂದು ಗೋಣಿಚೀಲದಲ್ಲಿ ಗೌರಿಬಿದನೂರಿನ ಬಸ್ಸು ಹತ್ತಿತು.

ಅವತ್ತಿನಿಂದ ನನಗೆ ನೆಮ್ಮದಿಯಿಲ್ಲ. ನನ್ನ ಪಾಲಿಗೆ ಆ ಮೊದಲ ಗಂಡ ಸತ್ತಿರಲಿಲ್ಲ. ಅಕ್ಕನ ಹಿಂದೆಯೇ ಅವಳ ಮನೆಗೆ ಹೋಗಿ ಹಿತ್ತಲಲ್ಲಿ ನಿಂತಿದ್ದ. ಅಕ್ಕನ ಕಾಗದ ಬಂದರೆ ಮೊದಲು ಭಾವನ ಆರೋಗ್ಯದ ಸಾಲು ಹುಡುಕುತ್ತಿದ್ದೆ. ಸಂಜೆ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗ ಬಾಳೆಯೆಲೆ ಅಲ್ಲಾಡಿದರೆ ಪಂಚೆ ಉಟ್ಟವರು ಯಾರೋ ಹಿಂದೆ ನಡೆದಂತಾಗುತ್ತಿತ್ತು. ತಿರುಗಿ ನೋಡುತ್ತಿರಲಿಲ್ಲ. ನಾನು ಓದಿ, ಶಿಡ್ಲಘಟ್ಟದ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಮೇಡಂ ಆದ ಮೇಲೂ ಅಷ್ಟೇ.

ರಜೆಗೆ ಅಕ್ಕನ ಮನೆಗೆ ಹೋದಾಗಲೆಲ್ಲ ಅವಳ ಹಿತ್ತಲ ಬಾಳೆ ನೋಡುತ್ತಿದ್ದೆ. ಸೊಗಸಾಗಿ ಹಬ್ಬಿತ್ತು. ಊಟಕ್ಕೆ ಅದರ ಎಲೆ, ಆಗಾಗ ದಿಂಡಿನ ಪಲ್ಯ. ಗೊನೆ ಮಾತ್ರ ಒಂದು ಸಲವೂ ಕಾಣಲಿಲ್ಲ. "ಏನಮ್ಮಾ ಸೈನ್ಸ್ ಮೇಡಂ, ನಿಮ್ಮೂರ ಬಾಳೆಗೆ ನಮ್ಮೂರಲ್ಲಿ ಏನು ರೋಗ? ಆ ಬಜ್ಜಿ ಮತ್ತೆ ತಿನ್ನೋ ಯೋಗ ಇಲ್ವಾ?" ಎಂದು ಭಾವ ಪ್ರತಿ ಸಲ ರೇಗಿಸುತ್ತಿದ್ದರು.

ತೊಂಬತ್ತರ ದಶಕದಲ್ಲಿ ಒಮ್ಮೆ ಭಾವನಿಗೆ ಕಾಮಾಲೆಯಾಗಿ, ಉಳಿದದ್ದೇ ಹೆಚ್ಚು ಎನ್ನುವಂತಾಯಿತು. ಚೇತರಿಸಿಕೊಂಡು ಮನೆಗೆ ಬಂದ ಮೇಲೆ ನೋಡಲು ಹೋದೆ. ಬೆಳಿಗ್ಗೆ ಎದ್ದಾಗ ಅಕ್ಕ ಹಿತ್ತಲಲ್ಲಿ ಮಚ್ಚು ಹಿಡಿದು ಒಂದು ಗಿಡದ ತುದಿಯನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಪುಟ್ಟೆಲೆ ಬಂದಿತ್ತು. ಇನ್ನು ತಡೆಯಲಾಗಲಿಲ್ಲ.

"ಅಕ್ಕ, ಅವತ್ತು ಅಪ್ಪ ಕಡಿದಿದ್ದು..."

"ಪಕ್ಕದ ಗಿಡ. ಗೊತ್ತು ಕಣೇ. ಬಚ್ಚಲ ಕಿಟಕೀಲಿ ನೋಡ್ದೆ."

ನಾನು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

"ಯಾಕಕ್ಕ ಹೇಳ್ಲಿಲ್ಲ?"

"ಮೊದ್ಲು ನಾಚಿಕೆ. ಆಮೇಲೆ ಇವರು ನೋಡೋಕೆ ಬಂದ್ರು. ನಂಗೆ ಹಿಡಿಸಿಬಿಟ್ರು. ಹೇಳಿದ್ರೆ ಮದ್ವೆ ನಿಂತೋಗುತ್ತೆ ಅಂತ ಬಾಯಿ ಮುಚ್ಕೊಂಡೆ." ಅವಳು ಗಿಡದಿಂದ ಕಣ್ಣು ತೆಗೆಯಲಿಲ್ಲ. "ಅದು ಎಲ್ಲೋ ಇರೋದಕ್ಕಿಂತ ನನ್ ಕಣ್ಮುಂದೆ ಇರ್ಲಿ ಅಂತ ತಂದೆ. ಗೊನೆ ಹಾಕೋ ಮುಂಚೆ ಕಡೀಬೇಕು ಅಂದಿದ್ರಲ್ಲ ಪುರೋಹಿತರು, ಪುಟ್ಟೆಲೆ ಬಂದ ದಿನಾನೇ ಕಡೀತೀನಿ. ಒಂದೂ ಬಿಟ್ಟಿಲ್ಲ. ಮೊನ್ನೆ ಸಾದಲಿಗೆ ಮದ್ವೆಗೆ ಹೋಗಿದ್ನಲ್ಲ, ಬರೋಷ್ಟರಲ್ಲಿ ಒಂದು ಗೊನೆ ಹಾಕ್ಬಿಟ್ಟಿತ್ತು. ಇವರ ಕಣ್ಣಿಗೆ ಬೀಳೋ ಮುಂಚೆ ಕಡಿದುಹಾಕ್ದೆ. ಅದೇ ವಾರ ಇವರಿಗೆ ಕಣ್ಣು ಹಳದಿ ಆಯ್ತು."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಿಲ್ಲ. ಕಾಮಾಲೆ ಬರುವುದು ಕೆಟ್ಟ ನೀರಿನಿಂದ, ಬಾಳೆಗೂ ಅದಕ್ಕೂ ಏನು ಸಂಬಂಧ ಎಂದು ಪಾಠ ಒಪ್ಪಿಸಿದಂತೆ ಹೇಳಿದೆ. ಅಕ್ಕ ಎಲ್ಲವನ್ನೂ ಕೇಳಿದಳು. ಆಮೇಲೆ ಮಚ್ಚು ನನ್ನ ಕೈಗೆ ಕೊಟ್ಟಳು.

"ನೀನು ಓದಿದವಳು. ನೀನೇ ಹೇಳಮ್ಮ. ಇದನ್ನ ಬಿಡ್ಲಾ?"

ಬಿಡು ಎನ್ನಬೇಕಿತ್ತು. ಒಂದು ಮಾತು, ಅಷ್ಟೇ. ಒಳಗೆ ಭಾವ ಕೆಮ್ಮಿದರು. ನಾನು ಎದ್ದು, ಗಿಡದ ಬುಡಕ್ಕೆ ಮಚ್ಚು ಬೀಸಿದೆ. ಮೂರನೇ ಏಟಿಗೆ ಬಿತ್ತು. ಕಡಿದ ಜಾಗದಲ್ಲಿ ನೀರು ಜಿನುಗಿತು.

ಸಿಪ್ಪೆ ಸುಲಿದು ದಿಂಡು ತೆಗೆದೆವು. ನಡುವೆ ಹೆಬ್ಬೆರಳಿನಷ್ಟು ಬಿಳಿಯ ಗೊನೆ ಸಿಕ್ಕಿತು, ಕಾಯಿಗಳೆಲ್ಲ ಇನ್ನೂ ಅಕ್ಕಿಕಾಳಿನಷ್ಟು. ಅಕ್ಕ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ ಒಲೆಗೆ ಹಾಕಿದಳು.

ಮಧ್ಯಾಹ್ನ ಅದೇ ಗಿಡದ ಎಲೆಯ ಮೇಲೆ, ಅದೇ ಗಿಡದ ದಿಂಡಿನ ಪಲ್ಯ ಬಡಿಸಿದ್ದಾಯಿತು. ಭಾವ ಪಥ್ಯದ ಅನ್ನ ಕಲಸುತ್ತಾ ಹಿತ್ತಲ ಕಡೆ ನೋಡಿದರು.

"ಈ ಸಲಾನೂ ಗೊನೆ ಇಲ್ದೆ ಕಡಿದಳಾ? ಯಾಕಮ್ಮಾ ಇದು ಗೊನೆ ಹಾಕಲ್ಲ?"

ಅಕ್ಕ ಸಾರಿನ ಸೌಟು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ನಿಮ್ಮೂರ ಮಣ್ಣು ಸರಿಯಿಲ್ಲ ಭಾವ," ಎಂದೆ.